ಹಾರುವ ತಟ್ಟೆ, ಹೂವಿನ ಟೇಪು

ಓದುಗರ ಪತ್ರ: “ಕಳೆದ ಸಂಚಿಕೆಯಲ್ಲಿ, 1947ರಲ್ಲಿ ಅಮೆರಿಕದ ರಾಸ್‌ವೆಲ್ ಬಳಿ ಅನ್ಯಲೋಕದ ನೌಕೆ ಬಿದ್ದ ಪ್ರಕರಣವನ್ನು ‘ಬಲೂನಿನ ಕಥೆ’ ಎಂದು ಎರಡೇ ಸಾಲಿನಲ್ಲಿ ತಳ್ಳಿಹಾಕಿದ್ದೀರಿ. ಅಮೆರಿಕ ಸರ್ಕಾರ ಮೊದಲು ಹಾರುವ ತಟ್ಟೆ ಎಂದಿತು, ಆಮೇಲೆ ಹವಾಮಾನದ ಬಲೂನು ಎಂದಿತು, ನಲವತ್ತೇಳು ವರ್ಷ ಕಳೆದ ಮೇಲೆ ಗೂಢಚರ್ಯೆಯ ಬಲೂನು ಎಂದಿತು, ಕೊನೆಗೆ ಬೊಂಬೆ ಎಂದಿತು. ಮುಚ್ಚಿಡಲು ಏನೂ ಇಲ್ಲದವರು ಇಷ್ಟು ಸಲ ಮಾತು ಬದಲಿಸುತ್ತಾರೆಯೇ? 2023ರಲ್ಲಿ, ಅಂಥ ನೌಕೆ ಸರ್ಕಾರದ ಬಳಿ ಇದೆ ಎಂದು ಮಾಜಿ ಗುಪ್ತಚರ ಅಧಿಕಾರಿಯೊಬ್ಬರು ಪ್ರಮಾಣ ಮಾಡಿ ಹೇಳಿದರೂ ನಿಮಗೆ ಸಾಲದೇ? ಪುರಾವೆಯಾಗಿ ಒಂದು ಚಿತ್ರ ಲಗತ್ತಿಸಿದ್ದೇನೆ. ನೋಡಿ ಹಿಂದಿರುಗಿಸಿ.” — ಹೆಸರು ಬೇಡವೆಂದ ಓದುಗರು

ಸಂಪಾದಕರ ಉತ್ತರ: ಎರಡೇ ಸಾಲಿನಲ್ಲಿ ಮುಗಿಸಿದ್ದು ನನ್ನ ತಪ್ಪು, ಒಪ್ಪಿದೆ. ನಿಮ್ಮ ಪತ್ರ ನಾಲ್ಕು ಪುಟವಿದೆ. ಇಲ್ಲಿ ಅದರ ಸಾರವನ್ನಷ್ಟೇ ಕೊಟ್ಟಿದ್ದೇನೆ. ಅಕ್ಷರ ದುಂಡಾಗಿದೆ, ಇಸವಿಗಳು ಸರಿಯಾಗಿವೆ, ಸಿಟ್ಟಿನಲ್ಲೂ ವ್ಯಾಕರಣ ತಪ್ಪಿಲ್ಲ. ಇಂಥ ಓದುಗರೊಡನೆ ಜಗಳವಾಡುವುದೂ ಹಿತವೇ.

ಮೊದಲು ನಿಮಗೆ ಸಲ್ಲಬೇಕಾದುದನ್ನು ಸಲ್ಲಿಸಿಬಿಡುತ್ತೇನೆ. ಸರ್ಕಾರಗಳು ಮುಚ್ಚಿಡುತ್ತವೆ. ರಾಸ್‌ವೆಲ್ ವಿಷಯದಲ್ಲೂ ಮುಚ್ಚಿಟ್ಟರು. ನ್ಯೂ ಮೆಕ್ಸಿಕೋದ ಸಂಸದ ಸ್ಟೀವನ್ ಶಿಫ್ ಪಟ್ಟು ಹಿಡಿದದ್ದರಿಂದ ಅಲ್ಲಿಯ ಸಂಸತ್ತಿನ ಲೆಕ್ಕತಪಾಸಣಾ ಸಂಸ್ಥೆ ಹಳೆಯ ಕಡತಗಳನ್ನು ಜಾಲಾಡಿ 1995ರಲ್ಲಿ ವರದಿ ಕೊಟ್ಟಿತು. ರಾಸ್‌ವೆಲ್‌ನ ವಾಯುನೆಲೆ 1946ರಿಂದ 1949ರವರೆಗೆ ಹೊರಗೆ ಕಳುಹಿಸಿದ್ದ ಸಂದೇಶಗಳೆಲ್ಲ ನಾಶವಾಗಿದ್ದವು. ಯಾರು, ಯಾವಾಗ, ಯಾರ ಅಪ್ಪಣೆಯ ಮೇರೆಗೆ ನಾಶಮಾಡಿದರು ಎಂಬುದಕ್ಕೆ ದಾಖಲೆ ಇರಲಿಲ್ಲ. ಇದು ನಿಮ್ಮ ಪತ್ರದಲ್ಲಿ ಇರಲಿಲ್ಲ, ನಿಮ್ಮ ಪರವಾಗಿ ನಾನೇ ಸೇರಿಸುತ್ತಿದ್ದೇನೆ. ಬೊಂಬೆಯ ವಿವರಣೆಯಂತೂ ನಗೆಪಾಟಲು. 1947ರಲ್ಲಿ ಕಂಡೆವೆಂದು ಜನ ಹೇಳುವ ಶವಗಳು ಪ್ಯಾರಾಚೂಟ್ ಪರೀಕ್ಷೆಗೆಂದು ಎತ್ತರದಿಂದ ಬೀಳಿಸಿದ ಬೊಂಬೆಗಳಿರಬೇಕು ಎಂದು ವಾಯುಪಡೆ 1997ರಲ್ಲಿ ಹೇಳಿತು. ಆ ಬೊಂಬೆಗಳನ್ನು ಬೀಳಿಸತೊಡಗಿದ್ದು 1954ರಲ್ಲಿ! ಏಳು ವರ್ಷದ ಈ ಅಂತರವನ್ನು ಜನರ ಮರೆವಿನ ಲೆಕ್ಕಕ್ಕೆ ಬರೆದು ಕೈತೊಳೆದುಕೊಂಡರು.

ಅಲ್ಲಿಗೆ ನಿಮ್ಮ ಪಾಲು ಸಂದಾಯವಾಯಿತು.

ಈಗ ಹೇಳಿ, ‘ಏನನ್ನೋ ಮುಚ್ಚಿಟ್ಟರು’ ಎಂಬಲ್ಲಿಂದ ‘ಇದನ್ನೇ ಮುಚ್ಚಿಟ್ಟರು’ ಎಂಬಲ್ಲಿಗೆ ನೀವು ಹಾರಿದ್ದು ಯಾವ ತಟ್ಟೆಯಲ್ಲಿ? ಕುಂಬಳಕಾಯಿ ಕಳ್ಳ ಎಂದಾಗ ಹೆಗಲು ಮುಟ್ಟಿ ನೋಡಿಕೊಂಡವನು ಕುಂಬಳಕಾಯಿ ಕದ್ದಿರಬಹುದು. ಆನೆ ಕದ್ದಿದ್ದಾನೆ ಎಂದು ತೀರ್ಪು ಕೊಡಲಾಗದು.

ಆ ಕುಂಬಳಕಾಯಿಯ ಹೆಸರು ಮೋಗುಲ್ ಯೋಜನೆ. 1947ರಲ್ಲಿ ಸೋವಿಯತ್ ಒಕ್ಕೂಟ ಇನ್ನೂ ಅಣುಬಾಂಬ್ ಸಿಡಿಸಿರಲಿಲ್ಲ (ಸಿಡಿಸಿದ್ದು 1949ರ ಆಗಸ್ಟ್‌ನಲ್ಲಿ). ಅದು ಸಿಡಿದ ದಿನ ತಮಗೆ ಗೊತ್ತಾಗುವುದು ಹೇಗೆ ಎಂಬುದು ಅಮೆರಿಕದ ಚಿಂತೆ. ಭಾರಿ ಸ್ಫೋಟದ ಸದ್ದು ವಾತಾವರಣದ ಮೇಲಿನ ಪದರವೊಂದರಲ್ಲಿ ಬಹುದೂರ ಹರಿಯುತ್ತದೆ, ಅಷ್ಟು ಎತ್ತರದಲ್ಲಿ ಮೈಕ್ರೋಫೋನ್ ತೂಗಿಬಿಟ್ಟರೆ ಕೇಳಿಸೀತು ಎಂದು ಲೆಕ್ಕ ಹಾಕಿದರು. ಬಲೂನುಗಳನ್ನು ಸರದಂತೆ ಪೋಣಿಸಿ, ರಾಡಾರ್ ಕಣ್ಣಿಗೆ ಬೀಳಲೆಂದು ಕಡ್ಡಿಗಳಿಗೆ ಬೇಗಡೆ ಹಾಳೆ ಅಂಟಿಸಿದ ಪ್ರತಿಫಲಕಗಳನ್ನು ಕಟ್ಟಿ, ನ್ಯೂಯಾರ್ಕ್ ವಿಶ್ವವಿದ್ಯಾಲಯದ ತಂಡ ನ್ಯೂ ಮೆಕ್ಸಿಕೋದಿಂದ ಮೇಲಕ್ಕೆ ಬಿಡುತ್ತಿತ್ತು. ಬಲೂನು ಬಿಡುವುದು ಗುಟ್ಟಾಗಿರಲಿಲ್ಲ, ಅದರ ಉದ್ದೇಶ ಗುಟ್ಟಾಗಿತ್ತು.

ಈಗ ಮ್ಯಾಕ್ ಬ್ರೇಜಲ್ ಎಂಬ ರ‍್ಯಾಂಚ್ ಮೇಲ್ವಿಚಾರಕನ ಮಾತು ಕೇಳಿ. ತನಗೆ ಸಿಕ್ಕಿದ್ದೇನು ಎಂದು ಅವನು 1947ರ ಜುಲೈ 9ರ ಪತ್ರಿಕೆಯಲ್ಲಿಯೇ ಹೇಳಿದ್ದಾನೆ: ರಬ್ಬರ್ ಪಟ್ಟಿಗಳು, ಬೇಗಡೆ, ಗಟ್ಟಿ ಕಾಗದ, ಕಡ್ಡಿಗಳು. ಎಲ್ಲ ಸೇರಿ ಐದು ಪೌಂಡ್ ಇದ್ದೀತು ಎಂದು ಅವನ ಅಂದಾಜು. ನಕ್ಷತ್ರಗಳ ನಡುವಿನ ಕತ್ತಲನ್ನು ದಾಟಿ ಬಂದ ನೌಕೆಯ ತೂಕ ಎರಡೂಕಾಲು ಕಿಲೋ! ಅದರ ಮೇಲೆ ಹೂವಿನ ಚಿತ್ರವಿದ್ದ ಅಂಟುಟೇಪೂ ಇತ್ತು. ಈ ಹೂವೆಂದರೆ ನನಗೆ ವಿಶೇಷ ಪ್ರೀತಿ. ಪ್ರತಿಫಲಕಗಳನ್ನು ಆಟಿಕೆ ತಯಾರಿಸುವವರಿಂದ ಮಾಡಿಸಿದ್ದರು, ಅವರ ಬಳಿ ಇದ್ದ ಹೂವಿನ ಟೇಪನ್ನೇ ಅಂಟಿಸಿ ಕೊಟ್ಟಿದ್ದರು ಎಂದು ಮೋಗುಲ್‌ನಲ್ಲಿ ದುಡಿದಿದ್ದ ಚಾರ್ಲ್ಸ್ ಮೂರ್ ಎಷ್ಟೋ ವರ್ಷಗಳ ಮೇಲೆ ನೆನಪಿಸಿಕೊಂಡರು. ಅದೇ ಹೂವು ಕಥೆಯೊಳಗೆ ಅನ್ಯಲೋಕದ ಚಿತ್ರಲಿಪಿಯಾಗಿ ಅರಳಿತು.

1978ರವರೆಗೆ ಈ ಪ್ರಕರಣವನ್ನು ಕೇಳುವವರೇ ಇರಲಿಲ್ಲ. ಆ ವರ್ಷ, ಅವಶೇಷ ತರಲು ಹೋಗಿದ್ದ ಮೇಜರ್ ಜೆಸ್ಸಿ ಮಾರ್ಸೆಲ್ ಮೂವತ್ತು ವರ್ಷದ ಹಿಂದಿನ ನೆನಪನ್ನು ಸಂಶೋಧಕರೊಬ್ಬರ ಮುಂದೆ ತೆರೆದರು. 1980ರಲ್ಲಿ ಪುಸ್ತಕ ಬಂತು. ಶವಗಳು ಬಂದವು, ಶವಪೆಟ್ಟಿಗೆಯ ಪ್ರಸ್ತಾಪ ಬಂತು, ನೌಕೆ ಬಿದ್ದ ಸ್ಥಳ ಒಂದಿದ್ದದ್ದು ಎರಡಾಯಿತು. ಕಪ್ಪಗೆ ವಾಂತಿಯಾಯಿತು ಎಂದದ್ದು ಕಾಗೆಯನ್ನೇ ವಾಂತಿ ಮಾಡಿಕೊಂಡನಂತೆ ಎಂದಾಗಿ, ಊರು ದಾಟುವಷ್ಟರಲ್ಲಿ ಕಾಗೆಗಳ ಹಿಂಡೇ ಆದ ಕಥೆಯನ್ನು ನೀವೂ ಚಿಕ್ಕಂದಿನಲ್ಲಿ ಕೇಳಿದ್ದೀರಿ. ನೆನಪು ಹಳತಾದಷ್ಟೂ ಮಾಸಬೇಕು. ಇಲ್ಲಿ ಮಾತ್ರ ವರ್ಷ ಕಳೆದಂತೆ ಅದಕ್ಕೆ ಮೆರುಗು ಏರಿದೆ.

ರಾಸ್‌ವೆಲ್‌ನ ಶವಗಳ ಕಥೆಗಿಂತ ಹಳೆಯ, ಅದಕ್ಕಿಂತ ಸ್ವಾರಸ್ಯದ ಪ್ರಸಂಗವೊಂದಿದೆ. 1948ರಲ್ಲಿ ನ್ಯೂ ಮೆಕ್ಸಿಕೋದ ಆಜ್ಟೆಕ್ ಎಂಬ ಊರಿನ ಬಳಿ ತಟ್ಟೆಯೊಂದು ಇಳಿಯಿತು, ಒಳಗೆ ಹದಿನಾರು ಪುಟ್ಟ ಶವಗಳಿದ್ದವು ಎಂಬ ಸುದ್ದಿ. ಅದನ್ನು ಹಬ್ಬಿಸಿದವರು ಸೈಲಸ್ ನ್ಯೂಟನ್ ಮತ್ತು ಲಿಯೊ ಗೆಬಾವರ್. 1950ರಲ್ಲಿ ಅಂಕಣಕಾರನೊಬ್ಬ ಪುಸ್ತಕವನ್ನೇ ಬರೆದ, ಅದು ಭರ್ಜರಿಯಾಗಿ ಮಾರಾಟವಾಯಿತು. ಜೆ. ಪಿ. ಕಾನ್ ಎಂಬ ಪತ್ರಕರ್ತ ಮಾತ್ರ ನ್ಯೂಟನ್‌ನ ಬಳಿಯಿದ್ದ ‘ಭೂಮಿಯದ್ದಲ್ಲದ’ ಲೋಹದ ಬಿಲ್ಲೆಯನ್ನು ಉಪಾಯದಿಂದ ಕೈಗೆ ಹಾಕಿಕೊಂಡು ಪ್ರಯೋಗಾಲಯಕ್ಕೆ ಕೊಟ್ಟ. ಅಡುಗೆ ಪಾತ್ರೆಗೆ ಬಳಸುವ ಅಲ್ಯೂಮಿನಿಯಂ ಎಂದು ಉತ್ತರ ಬಂತು. ನೆಲದಡಿಯ ಎಣ್ಣೆಯನ್ನು ಪತ್ತೆಹಚ್ಚುವ ಯಂತ್ರವೆಂದು ಡಬ್ಬವೊಂದನ್ನು ಮಾರಿ ಹಣ ಬಾಚಿದ್ದಕ್ಕೆ ನ್ಯಾಯಾಲಯ 1953ರಲ್ಲಿ ಇಬ್ಬರನ್ನೂ ವಂಚಕರೆಂದು ತೀರ್ಮಾನಿಸಿತು. ಆ ಡಬ್ಬಕ್ಕೆ ಬೆಲೆ ಬರಲಿ ಎಂದೇ ತಟ್ಟೆಯ ಕಥೆ ಹುಟ್ಟಿದ್ದು. ವಿಚಿತ್ರ ನೋಡಿ, ಶಿಕ್ಷೆಯಾದ ಮೇಲೂ ಆಜ್ಟೆಕ್ ಸಾಯಲಿಲ್ಲ. ‘ಅವರ ಬಾಯಿ ಮುಚ್ಚಿಸಲೆಂದೇ ಶಿಕ್ಷೆ ಕೊಡಿಸಿದರು’ ಎಂದು ನಂಬುವವರು ಇಂದಿಗೂ ಇದ್ದಾರೆ. ನಂಬಲು ಕೂತವನಿಗೆ ಶಿಕ್ಷೆಯೂ ಪುರಾವೆಯೇ.

ಗುಟ್ಟಿನ ಬಗೆಗೂ ಒಂದು ಮಾತು. 1955ರಿಂದ ಹಾರತೊಡಗಿದ ಯು-2 ಬೇಹುಗಾರಿಕೆ ವಿಮಾನ ಅರುವತ್ತು ಸಾವಿರ ಅಡಿಗೂ ಮೇಲೆ ಹೋಗುತ್ತಿತ್ತು. ಪ್ರಯಾಣಿಕ ವಿಮಾನಗಳು ಆಗ ಅದರ ಮೂರನೇ ಒಂದು ಭಾಗದಷ್ಟು ಎತ್ತರದಲ್ಲಿದ್ದವು. ಮುಸ್ಸಂಜೆ ಕೆಳಗೆ ಕತ್ತಲಾದ ಮೇಲೂ ಅಷ್ಟೆತ್ತರದಲ್ಲಿ ಬಿಸಿಲು ತಾಗಿ ರೆಕ್ಕೆ ಉರಿಯುವಂತೆ ಹೊಳೆಯುತ್ತಿತ್ತು. ದೂರು ಕೊಟ್ಟವರಿಗೆ ವಾಯುಪಡೆ ‘ಹಿಮದ ಹರಳು’, ‘ಉಷ್ಣತೆಯ ಏರುಪೇರು’ ಎಂದು ಸುಳ್ಳು ಹೇಳಿ ಕಳುಹಿಸಿತು. ಆ ಕಾಲದ ಅರ್ಧಕ್ಕೂ ಹೆಚ್ಚು ದೂರುಗಳಿಗೆ ತನ್ನ ವಿಮಾನಗಳೇ ಕಾರಣವೆಂದು ಸಿಐಎ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬರೆದುಕೊಂಡಿತು. ಮುಚ್ಚುಮರೆ ಇತ್ತು, ಸುಳ್ಳೂ ಇತ್ತು, ಒಳಗಿದ್ದದ್ದು ಮಾತ್ರ ಮನುಷ್ಯ ಮಾಡಿದ ವಿಮಾನ. ಇನ್ನು ನಿಜವಾದ ಮಹಾಗುಟ್ಟು ಎಷ್ಟು ದಿನ ಉಳಿದೀತು? ಅದೇ ನ್ಯೂ ಮೆಕ್ಸಿಕೋದ ಲಾಸ್ ಅಲಮೋಸ್‌ನಲ್ಲಿ ಕಾವಲಿನ ಮೇಲೆ ಕಾವಲಿಟ್ಟು ಕಾಪಾಡಿದ ಬಾಂಬಿನ ವಿವರವನ್ನು ಕ್ಲಾಸ್ ಫ್ಯೂಕ್ಸ್ ಎಂಬ ವಿಜ್ಞಾನಿ ಯುದ್ಧ ಮುಗಿಯುವ ಮೊದಲೇ ಸೋವಿಯತ್ತರಿಗೆ ದಾಟಿಸಿದ್ದ.

ನಿಮ್ಮ ಪ್ರಮಾಣಪೂರ್ವಕ ಸಾಕ್ಷಿ ಡೇವಿಡ್ ಗ್ರಷ್. ಪ್ರಾಮಾಣಿಕರೇ ಇರಬಹುದು. ಆದರೆ 2023ರ ಜುಲೈನಲ್ಲಿ ಅವರು ಹೇಳಿದ್ದು ತಾವು ಕಂಡದ್ದನ್ನಲ್ಲ. ನಲವತ್ತಕ್ಕೂ ಹೆಚ್ಚು ಜನರಿಂದ ಕೇಳಿದ್ದನ್ನು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದರು ಹಿರಿಯರು. ಇಲ್ಲಿ ಪ್ರತ್ಯಕ್ಷವೇ ಇಲ್ಲ. ಇಂಥ ದೂರುಗಳಿಗೆಂದೇ ರಕ್ಷಣಾ ಇಲಾಖೆ ತೆರೆದಿರುವ ಕಚೇರಿ 2024ರ ಮಾರ್ಚ್‌ನಲ್ಲಿ ವರದಿ ಕೊಟ್ಟು, ಅದೇ ನಂಬಿಕೆಯ ಒಂದು ಗುಂಪಿನೊಳಗೇ ಮಾತು ಸುತ್ತುತ್ತಿದೆ, ಪುರಾವೆ ಇಲ್ಲ ಎಂದಿತು. ಸರ್ಕಾರದ ಕಚೇರಿಯ ಮಾತನ್ನು ನಂಬುವುದು ಹೇಗೆ ಎನ್ನುತ್ತೀರಿ. ಸರಿ, ನಂಬಬೇಡಿ. ಆದರೆ ಗ್ರಷ್ ಕೂಡ ಸರ್ಕಾರದ ಕಚೇರಿಯಿಂದಲೇ ಬಂದವರು. ಅವರನ್ನು ನಂಬುವಾಗ ಈ ಅನುಮಾನ ಎಲ್ಲಿ ಹೋಗಿತ್ತು?

ನನ್ನ ನಿಜವಾದ ಸಿಟ್ಟು ನಿಮ್ಮ ಮೇಲಲ್ಲ, ನಮ್ಮ ಕಸುಬಿನ ಮೇಲೆ. ‘ಹಾರುವ ತಟ್ಟೆ’ ಎಂಬ ಹೆಸರೇ ಪತ್ರಿಕೆಯವರ ಕೈಚಳಕ. 1947ರ ಜೂನ್ 24ರಂದು ಮೌಂಟ್ ರೇನಿಯರ್ ಬಳಿ ಒಂಬತ್ತು ವಸ್ತುಗಳನ್ನು ಕಂಡ ಪೈಲಟ್ ಕೆನೆತ್ ಅರ್ನಾಲ್ಡ್, ನೀರಿನ ಮೇಲೆ ಎಸೆದ ತಟ್ಟೆಯಂತೆ ಅವು ಕುಪ್ಪಳಿಸಿದವು ಎಂದ. ಚಲನೆಗೆ ಹೇಳಿದ ಹೋಲಿಕೆ ಆಕಾರವಾಗಿ ಅಚ್ಚಾಯಿತು. ಅಂದಿನಿಂದ ಜನರಿಗೆ ಕಾಣಿಸಿದ್ದೂ ತಟ್ಟೆಯೇ! ಬ್ರೇಜಲ್ ಜೂನ್ 14ರಂದೇ ಕಂಡು ಸುಮ್ಮನಿದ್ದ ಕಸ, ತಟ್ಟೆಯ ಸುದ್ದಿ ಕಿವಿಗೆ ಬಿದ್ದ ಮೇಲೆ ಪೇಟೆಗೆ ಬಂತು. ಜುಲೈ 8ರಂದು ವಾಯುನೆಲೆಯ ಪ್ರಕಟಣೆಯೂ ಅದೇ ಪದ ಬಳಸಿತು. ‘ಸರ್ಕಾರ ಮೊದಲು ತಟ್ಟೆ ಎಂದಿತು’ ಎನ್ನುತ್ತೀರಲ್ಲ, ಸರ್ಕಾರಕ್ಕೆ ಆ ಮಾತು ಕಲಿಸಿದವರು ನಾವು. ತಟ್ಟೆ ಸಿಕ್ಕಿದ್ದಕ್ಕೆ ಮುಖಪುಟ, ಸಿಗಲಿಲ್ಲ ಎಂಬುದಕ್ಕೆ ಒಳಪುಟದ ಮೂಲೆ.

ನಿಮ್ಮ ಚಿತ್ರಕ್ಕೆ ಬರುತ್ತೇನೆ. ಮೇಜಿನ ಮೇಲೆ ದೊಡ್ಡ ತಲೆಯ ಶವ, ಪಕ್ಕದಲ್ಲಿ ಮುಸುಕು ಹಾಕಿದ ವೈದ್ಯರು. ಈ ಪತ್ರಿಕೆಯ ತುಣುಕನ್ನು ನೋಡಿದ ಕೂಡಲೇ ಗುರುತಿಸಿದೆ, ಏಕೆಂದರೆ 1995ರಲ್ಲಿ ಇದಕ್ಕೆ ತಲೆಬರಹ ಕೊಟ್ಟವನು ನಾನೇ, ಆಗ ಉಪಸಂಪಾದಕ. ‘ಅನ್ಯಗ್ರಹ ಜೀವಿಯ ಶವಪರೀಕ್ಷೆ?’ ಎಂದು ಬರೆದು ಪ್ರಶ್ನಾರ್ಥಕ ಚಿಹ್ನೆಯ ಹಿಂದೆ ಅಡಗಿ ಕೂತೆ. ಆ ಚಲನಚಿತ್ರವನ್ನು ಹೊರತಂದ ಲಂಡನ್ನಿನ ರೇ ಸಾಂಟಿಲಿ, ಇದು ತಾವು ಮರುಸೃಷ್ಟಿಸಿದ್ದು ಎಂದು 2006ರಲ್ಲಿ ಒಪ್ಪಿಕೊಂಡರು. ಶಿಲ್ಪಿಯೊಬ್ಬರು ಮಾಡಿದ ಬೊಂಬೆಯೊಳಗೆ ಕುರಿಯ ಮಿದುಳು, ಕೋಳಿಯ ಕರುಳು ತುಂಬಿದ್ದರು. ಅದಕ್ಕೆ ನಾನು ಒಂದು ಸಾಲನ್ನೂ ಬರೆಯಲಿಲ್ಲ, ಬರೆಯಬೇಕೆಂದು ಹೊಳೆಯಲೂ ಇಲ್ಲ. ಇಷ್ಟು ವರ್ಷ ನೀವು ಜೋಪಾನವಾಗಿಟ್ಟದ್ದು ನನ್ನ ತಪ್ಪನ್ನು.

ತುಣುಕನ್ನು ಇವತ್ತೇ ಅಂಚೆಗೆ ಹಾಕಿದ್ದೇನೆ. ಹಿಂಬದಿಯಲ್ಲಿ ‘2006 — ಕುರಿಯ ಮಿದುಳು’ ಎಂದು ಪೆನ್ಸಿಲಿನಲ್ಲಿ ಬರೆದಿದ್ದೇನೆ. ಬೇಡವೆನಿಸಿದರೆ ಅಳಿಸಿಕೊಳ್ಳಿ.