5,000 ಲಿಂಕ್ ಕೊಂಡರೆ ನನ್ನ ಕಂಬಳಿ ವೆಬ್‌ಸೈಟ್ ಗೂಗಲ್‌ನಲ್ಲಿ ಮೇಲೆ ಬರುತ್ತಾ?

ಚಳ್ಳಕೆರೆ ಕಡೆಯ ಕಂಬಳಿ ಮಾರಲು ವೆಬ್‌ಸೈಟ್ ಮಾಡಿದ್ದೀರಿ, ಹುಡುಕಿದರೆ ಮೂರನೇ ಪುಟದಲ್ಲಿ ಸಿಗುತ್ತಿದೆ, ಯಾರೋ ಫೋನ್ ಮಾಡಿ 8,000 ರೂಪಾಯಿಗೆ ಬೇರೆ ಸೈಟುಗಳಿಂದ ನಿಮ್ಮ ಸೈಟಿಗೆ 5,000 ಲಿಂಕ್ ಹಾಕಿಸಿಕೊಡ್ತೀವಿ ಅಂದಿದ್ದಾರೆ, ತಗೋಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ತಗೋಬೇಡಿ. ನಾನು ದಾವಣಗೆರೆಯಲ್ಲಿ ಅಂಗಡಿಯವರಿಗೆ ವೆಬ್‌ಸೈಟ್ ಮಾಡಿಕೊಡುತ್ತೇನೆ. ಇದೇ ತಪ್ಪನ್ನು ಒಮ್ಮೆ ಮಾಡಿ ಪಾಠ ಕಲಿತಿದ್ದೇನೆ. ಅದನ್ನು ಆಮೇಲೆ ಹೇಳುತ್ತೇನೆ, ಮೊದಲು ಲಿಂಕ್ ಅಂದರೆ ಗೂಗಲ್ಗೆ ಏನು ಅಂತ ನೋಡೋಣ.

ನಮ್ಮ ಮಂಡಿಪೇಟೆಗೆ ಹೊಸಬರೊಬ್ಬರು ಬಂದರು ಅನ್ನಿ. ಯಾರೂ ಪರಿಚಯವಿಲ್ಲ. ಸಿಕ್ಕ ಅಂಗಡಿಗೆ ಹೋಗಿ ಒಳ್ಳೆ ಅಕ್ಕಿ ಎಲ್ಲಿ ಸಿಗುತ್ತೆ ಅಂತ ಕೇಳುತ್ತಾರೆ, ಅವರು ಇನ್ನೊಂದು ಅಂಗಡಿ ತೋರಿಸುತ್ತಾರೆ, ಅಲ್ಲಿಗೆ ಹೋಗಿ ಮತ್ತೆ ಕೇಳುತ್ತಾರೆ, ಅವರು ಮತ್ತೊಂದು ಕಡೆ ಕಳಿಸುತ್ತಾರೆ. ಒಂದು ಹೊತ್ತಿಗೆ ಸಾಕಾಗಿ, ಪೇಟೆಯ ಇನ್ಯಾವುದೋ ಮೂಲೆಗೆ ಹೋಗಿ ಅಲ್ಲಿಂದ ಹೊಸದಾಗಿ ಶುರು ಮಾಡುತ್ತಾರೆ. ಹೀಗೆ ಸಾವಿರಾರು ಜನ ದಿನವಿಡೀ ಸುತ್ತಿದರೆ ಸಂಜೆ ಹೊತ್ತಿಗೆ ಯಾವ ಅಂಗಡಿ ಮುಂದೆ ಜನ ಜಾಸ್ತಿ ಇರುತ್ತಾರೋ ಆ ಅಂಗಡಿಗೆ ತೂಕ ಜಾಸ್ತಿ. ಸ್ಟ್ಯಾನ್‌ಫರ್ಡ್‌ನಲ್ಲಿ ಓದುತ್ತಿದ್ದ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ 1998ರಲ್ಲಿ ಬರೆದ ಪ್ರಬಂಧದ ಪೇಜ್‌ರ‍್ಯಾಂಕ್ ಲೆಕ್ಕ ಹೆಚ್ಚುಕಡಿಮೆ ಇದೇ. ಅಂಗಡಿ ಬದಲು ವೆಬ್ ಪುಟ, ಕೈ ತೋರಿಸುವುದರ ಬದಲು ಲಿಂಕ್, ಅಷ್ಟೇ. ಹೀಗೆ ಸುತ್ತುವವನು 100ರಲ್ಲಿ 85 ಸಲ ಲಿಂಕ್ ಹಿಡಿದು ಮುಂದೆ ಹೋಗುತ್ತಾನೆ, 15 ಸಲ ಬೇರೆಲ್ಲಿಗೋ ಹಾರುತ್ತಾನೆ ಅಂತ ಅವರು ಇಟ್ಟುಕೊಂಡಿದ್ದರು.

ಇದರಲ್ಲಿ ನಿಮಗೆ ಬೇಕಾದ ಮಾತು ಎರಡು. ಯಾರು ಕೈ ತೋರಿಸಿದರು ಅನ್ನುವುದು ಮುಖ್ಯ. ಹಾಗೇ, ಅವರು ಎಷ್ಟು ಕಡೆ ಕೈ ತೋರಿಸುತ್ತಾರೆ ಅನ್ನುವುದೂ ಮುಖ್ಯ, ಯಾಕಂದರೆ ಒಂದು ಪುಟದ ತೂಕ ಅದರಲ್ಲಿರುವ ಲಿಂಕ್‌ಗಳಿಗೆಲ್ಲ ಹಂಚಿಹೋಗುತ್ತದೆ. ಬಂದವರಿಗೆಲ್ಲ 200 ಅಂಗಡಿಯ ಹೆಸರು ಹೇಳುವವನ ಮಾತಿಗೆ ಎಷ್ಟು ಬೆಲೆ ಇರುತ್ತದೋ ಅಷ್ಟೇ.

ಒಂದು ಚೀಟಿ ತಗೊಂಡು ಲೆಕ್ಕ ಹಾಕಿ ನೋಡಿ, ನಾನು ಗಿರಾಕಿಗಳಿಗೆ ಬಿಲ್‌ನ ಹಿಂದೆ ಬರೆದು ತೋರಿಸುವ ಲೆಕ್ಕ ಇದು. ಯಾರೂ ಲಿಂಕ್ ಕೊಡದ ಪುಟಕ್ಕೆ ಆ ಹಳೇ ಸೂತ್ರದಲ್ಲಿ 0.15 ತೂಕ. ನಿಮಗೆ ಮಾರಲು ಬಂದವರ ಹತ್ತಿರ ಇರುವುದು ಅಂಥ ಪುಟಗಳೇ, ಒಂದೊಂದರಲ್ಲೂ 200 ಲಿಂಕ್ ತುರುಕಿರುತ್ತಾರೆ ಅಂತ ಇಟ್ಟುಕೊಳ್ಳಿ. 0.15ನ್ನು 0.85ರಿಂದ ಗುಣಿಸಿ 200ರಿಂದ ಭಾಗಿಸಿದರೆ ಒಂದು ಲಿಂಕ್‌ನಿಂದ ಬರುವುದು ಸುಮಾರು 0.00064. 5,000 ಲಿಂಕ್ ಸೇರಿದರೂ ಸುಮಾರು 3.2. ಅದೇ ಜನ ನಂಬುವ, ಹತ್ತಾರು ಕಡೆಯಿಂದ ಲಿಂಕ್ ಪಡೆದಿರುವ, 40 ತೂಕದ ಒಂದು ಪುಟದಲ್ಲಿ ಬರೀ 5 ಲಿಂಕ್ ಇದ್ದು ಅದರಲ್ಲಿ ಒಂದು ನಿಮ್ಮದಾದರೆ 6.8 ಬರುತ್ತದೆ. ಒಂದೇ ಲಿಂಕ್, ಆ 5,000ದ ಎರಡರಷ್ಟು! ಇದೂ ಗೂಗಲ್ ಇಂಥ ಮೋಸವನ್ನು ಹಿಡಿಯಲು ಶುರು ಮಾಡುವ ಮೊದಲಿನ ಲೆಕ್ಕ. ಈಗಿನ ಗೂಗಲ್ ಲಿಂಕ್ ಜೊತೆಗೆ ಬೇರೆ ಎಷ್ಟೋ ವಿಷಯ ನೋಡುತ್ತದೆ.

ಈಗ ನನ್ನ ಕಥೆ. 2011ರಲ್ಲಿ ಇಲ್ಲಿನ ಒಂದು ಸೀರೆ ಅಂಗಡಿಗೆ ಅಂತ ಹೊರಗಿನ ಒಬ್ಬರಿಂದ 600 ಲಿಂಕ್ ಕೊಂಡೆ. ಅಷ್ಟೂ ಲಿಂಕ್ ಮೇಲಿದ್ದ ಅಕ್ಷರ ಒಂದೇ, 'ದಾವಣಗೆರೆ ಸೀರೆ ಅಂಗಡಿ'. ಕೆಲವು ತಿಂಗಳು ಮೇಲೆ ಬಂತು, ಅಂಗಡಿಯವರು ಖುಷಿಯಾಗಿದ್ದರು. 2012ರ ಏಪ್ರಿಲ್‌ನಲ್ಲಿ ಗೂಗಲ್ ಪೆಂಗ್ವಿನ್ ಅನ್ನುವ ಬದಲಾವಣೆ ತಂದಿತು, ಅದರ ಕಣ್ಣಿದ್ದದ್ದೇ ಇಂಥ ಲಿಂಕ್‌ಗಳ ಮೇಲೆ. ನಿಜವಾದ ಜನ 600 ಕಡೆ ಅಕ್ಷರವೂ ಬದಲಾಗದೆ ಒಂದೇ ಮಾತು ಬರೆಯುವುದಿಲ್ಲ, ಅಲ್ವಾ? ಸೈಟು ಮೊದಲ ಪುಟದಿಂದ ಪತ್ತೆಯೇ ಇಲ್ಲದಷ್ಟು ಹಿಂದೆ ಹೋಯಿತು. ಯಜಮಾನರು ಫೋನ್ ಮಾಡಿ 'ಏನ್ ತಮ್ಮಾ, ನಮ್ಮ ಅಂಗಡಿನೇ ಕಾಣ್ತಿಲ್ಲಲ್ಲ' ಅಂದದ್ದು ಇನ್ನೂ ಕಿವಿಯಲ್ಲಿದೆ. ಅದು ದಸರಾ, ದೀಪಾವಳಿ ಎರಡನ್ನೂ ನುಂಗಿತು. ಸಿಕ್ಕ ಸೈಟ್‌ನವರಿಗೆಲ್ಲ ಲಿಂಕ್ ತೆಗೆಯಿರಿ ಅಂತ ಬರೆದೆ, ಉತ್ತರ ಕೊಟ್ಟವರು ಬೆರಳೆಣಿಕೆ. ಆ ಅಕ್ಟೋಬರ್‌ನಲ್ಲಿ ಗೂಗಲ್ 'ಈ ಲಿಂಕ್ ಲೆಕ್ಕಕ್ಕೆ ಹಿಡಿಯಬೇಡಿ' ಅಂತ ಹೇಳುವ ಡಿಸವೋ ಸೌಲಭ್ಯ ಕೊಟ್ಟಿತು, ಉಳಿದ ಪಟ್ಟಿಯನ್ನು ಅದರಲ್ಲಿ ಹಾಕಿದೆ. ಸೈಟು ಮತ್ತೆ ಮೇಲೇಳಲು 2013ರ ಮೇ ಆಯಿತು.

2016ರ ನಂತರ ಪೆಂಗ್ವಿನ್ ಅಂಥ ಲಿಂಕ್‌ಗಳ ಬೆಲೆಯನ್ನು ಅಲ್ಲಲ್ಲೇ ಕಳೆದುಬಿಡುತ್ತದೆ, ಇಡೀ ಸೈಟನ್ನು ಕೆಳಗೆ ತಳ್ಳುವುದು ಕಡಿಮೆ. ಅಂದರೆ ಅದೃಷ್ಟ ಚೆನ್ನಾಗಿದ್ದರೆ ನಿಮ್ಮ 8,000 ನೀರಲ್ಲಿ ಹೋಮ ಮಾಡಿದ ಹಾಗೆ. ಚೆನ್ನಾಗಿಲ್ಲದಿದ್ದರೆ ಗೂಗಲ್‌ನವರು ಖುದ್ದಾಗಿ ನೋಡಿ ದಂಡನೆ ಹಾಕುವುದೂ ಉಂಟು, ದುಡ್ಡು ಕೊಟ್ಟು ರ‍್ಯಾಂಕ್‌ಗಾಗಿ ಲಿಂಕ್ ಕೊಳ್ಳುವುದು ಅವರ ನಿಯಮಕ್ಕೆ ವಿರುದ್ಧ. ಕಾಮೆಂಟ್‌ಗಳಲ್ಲಿ ಲಿಂಕ್ ಹಾಕಿಸುತ್ತೀವಿ ಅಂದರೂ ಬೇಡ. 2005ರಿಂದ ಬಹಳ ಸೈಟುಗಳು ಅವಕ್ಕೆ 'ಈ ಲಿಂಕ್‌ಗೆ ತೂಕ ಕೊಡಬೇಡಿ' ಅಂತ ಗೂಗಲ್‌ಗೆ ಹೇಳುವ ನೋಫಾಲೋ ಗುರುತು ಹಾಕುತ್ತಿವೆ, ಸಾಮಾನ್ಯವಾಗಿ ತೂಕ ದಾಟುವುದಿಲ್ಲ.

ಹಾಗಾದರೆ ಏನು ಮಾಡಬೇಕು? ನಿಮ್ಮ ಸೈಟ್‌ನಲ್ಲಿ ಈಗ ಫೋಟೋ ಮತ್ತು ಬೆಲೆ ಬಿಟ್ಟರೆ ಏನೂ ಇಲ್ಲ ಅಂತ ನೀವೇ ಬರೆದಿದ್ದೀರಿ. ಅದಕ್ಕೆ ಯಾರು ಯಾಕೆ ಲಿಂಕ್ ಕೊಡುತ್ತಾರೆ? ಕುರಿ ಉಣ್ಣೆ ಕತ್ತರಿಸುವುದರಿಂದ ಹಿಡಿದು ಹಾಸು ನೂಲಿಗೆ (ಮಗ್ಗದ ಉದ್ದದ ಎಳೆಗಳಿಗೆ) ಹುಣಸೆ ಬೀಜದ ಗಂಜಿ ಹಚ್ಚಿ ಒಣಗಿಸುವ ತನಕ ಒಂದು ಪುಟ ಬರೆಯಿರಿ. ಆ ಗಂಜಿ ಹಚ್ಚುವ ಫೋಟೋ ಹತ್ತಿರದಿಂದ ತೆಗೆಯಿರಿ, ಕೈ ಕಾಣಲಿ, ಕುಂಚ ಕಾಣಲಿ. ಕೈಮಗ್ಗದ ಬಗ್ಗೆ ಪಾಠ ಮಾಡುವವರು, ಊರು ಸುತ್ತಿ ಬರೆಯುವವರು, ಪತ್ರಿಕೆಯವರು ಹುಡುಕುವುದು ಇಂಥದ್ದನ್ನೇ. ಈಗಾಗಲೇ ನಿಮ್ಮಿಂದ ಕಂಬಳಿ ತಗೊಂಡು ಮಾರುವ ಅಂಗಡಿಗಳಿಗೆ ಸೈಟ್ ಇದ್ದರೆ, 'ಈ ಕಂಬಳಿ ಇವರು ನೇಯ್ದದ್ದು' ಅಂತ ಒಂದು ಸಾಲು, ಒಂದು ಲಿಂಕ್ ಕೇಳಿ. ಸುಮ್ನೆ ಕೇಳಿ, ಬಹಳ ಜನ ಕೊಡುತ್ತಾರೆ. ಇದು ನಿಧಾನ, ತಿಂಗಳುಗಳ ಕೆಲಸ, ಆದರೆ ಹೀಗೆ ಬಂದ ಲಿಂಕನ್ನು ಯಾವ ಬದಲಾವಣೆ ಬಂದರೂ ತೆಗೆಸಲು ಓಡಾಡಬೇಕಾಗಿಲ್ಲ.

ಫೋನ್ ಮಾಡಿದವರು ಮತ್ತೆ ಮಾಡಿದರೆ ಆ 5,000 ಪುಟಗಳ ಪಟ್ಟಿ ಕಳಿಸಿ ಅನ್ನಿ. ಕಳಿಸಿದರೆ ಅದರಲ್ಲಿ ಹತ್ತನ್ನು ನೀವೇ ತೆರೆದು ಓದಿ ನೋಡಿ.