ಟೈಪ್ 1 ಮಧುಮೇಹ ಇರುವವರು ಟೂರ್ ಡಿ ಕ್ಯೂರ್ ತಂಡದಲ್ಲಿ 100 ಕಿ.ಮೀ. ಸೈಕಲ್ ತುಳಿಯಬಹುದೇ?

ಖಂಡಿತ ತುಳಿಯಬಹುದು. ಮಧುಮೇಹದ ವಿರುದ್ಧ ಹಣ ಕೂಡಿಸಲು ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ನಡೆಸುವ ಈ ಸವಾರಿಯಲ್ಲಿ ಮಧುಮೇಹ ಇರುವವರನ್ನು ‘ರೆಡ್ ರೈಡರ್’ ಎಂದೇ ಗೌರವಿಸುತ್ತಾರೆ. ಟೀಮ್ ನೊವೊ ನಾರ್ಡಿಸ್ಕ್ ಎಂಬ ವೃತ್ತಿಪರ ತಂಡದ ಸವಾರರೆಲ್ಲ ಮಧುಮೇಹ ಇರುವವರೇ.

ದೊಡ್ಡ ಅಪಾಯ ಸಕ್ಕರೆ ದಿಢೀರನೆ ಇಳಿಯುವುದು. ದುಡಿಯುವ ಸ್ನಾಯು ಇನ್ಸುಲಿನ್ ನೆರವಿಲ್ಲದೆಯೂ ಗ್ಲೂಕೋಸ್ ಎಳೆದುಕೊಳ್ಳುತ್ತದೆ. ಆದರೆ ಒಮ್ಮೆ ಚುಚ್ಚಿಕೊಂಡ ಇನ್ಸುಲಿನ್ ತನ್ನ ಕೆಲಸ ನಿಲ್ಲಿಸುವುದಿಲ್ಲ. ಹಾಗಾಗಿ ಸವಾರಿಗೆ ಮುಂಚಿನ ತಿಂಡಿಯ ಡೋಸ್ ಎಷ್ಟು ತಗ್ಗಿಸಬೇಕೆಂದು ವೈದ್ಯರಲ್ಲಿ ಕೇಳಿ, ಅಭ್ಯಾಸದ ದಿನಗಳಲ್ಲೇ ಪರೀಕ್ಷಿಸಿ ನೋಡಿ. ಅಂದು ತೊಡೆಗೆ ಚುಚ್ಚಬೇಡಿ, ಪೆಡಲ್ ತುಳಿಯುವ ಕಾಲಿನಿಂದ ಅದು ಬೇಗ ರಕ್ತಕ್ಕೆ ಸೇರುತ್ತದೆ. ಹೊಟ್ಟೆ ವಾಸಿ.

ಹೊರಡುವಾಗ ರಕ್ತದ ಸಕ್ಕರೆ ಡೆಸಿಲೀಟರಿಗೆ 126–180 ಮಿ.ಗ್ರಾಂ. ಇದ್ದರೆ ಒಳ್ಳೆಯದು. 90ಕ್ಕಿಂತ ಕಡಿಮೆಯಿದ್ದರೆ ಮೊದಲು ಏನಾದರೂ ತಿನ್ನಿ. 250 ದಾಟಿದ್ದರೆ ಕೀಟೋನ್ (ಇನ್ಸುಲಿನ್ ಸಾಲದಾಗ ರಕ್ತದಲ್ಲಿ ಹೆಚ್ಚುವ ಆಮ್ಲ) ಪರೀಕ್ಷಿಸದೆ ಸೈಕಲ್ ಹತ್ತಬೇಡಿ. ದಾರಿಯಲ್ಲಿ ಗಂಟೆಗೆ 30–60 ಗ್ರಾಂ ಕಾರ್ಬೋಹೈಡ್ರೇಟ್ ಬೇಕಾಗುತ್ತದೆ (ಮಧ್ಯಮ ಗಾತ್ರದ ಒಂದು ಬಾಳೆಹಣ್ಣಿನಲ್ಲಿ ಸುಮಾರು 27 ಗ್ರಾಂ). 70ಕ್ಕಿಂತ ಕೆಳಗಿಳಿದರೆ ನಿಲ್ಲಲೇಬೇಕು: 15 ಗ್ರಾಂ ಗ್ಲೂಕೋಸ್ ತಿಂದು, 15 ನಿಮಿಷ ಕಾದು, ಮತ್ತೆ ಪರೀಕ್ಷೆ. ಇದಕ್ಕೆ ಚಾಕೊಲೇಟ್ ಆಗದು, ಅದರ ಕೊಬ್ಬು ಸಕ್ಕರೆ ಏರುವುದನ್ನು ನಿಧಾನಿಸುತ್ತದೆ. ಸಕ್ಕರೆ ಅಳೆಯಲು ತೋಳಿಗೆ ಅಂಟಿಸುವ ಸೆನ್ಸರ್ ತೋರಿಸುವ ಅಂಕಿ ರಕ್ತದ ಸಕ್ಕರೆಗಿಂತ ಕೆಲವು ನಿಮಿಷ ಹಿಂದಿರುತ್ತದೆ. ಮೈ ನಡುಗುತ್ತಿದ್ದರೆ ಅಂಕಿಯನ್ನಲ್ಲ, ಮೈಯನ್ನೇ ನಂಬಿ.

ಜೊತೆಗಾರರಿಗೆ ಇದನ್ನು ಮೊದಲೇ ಹೇಳಿಡಿ: ಸಕ್ಕರೆ ಇಳಿದವರು ‘ನನಗೇನೂ ಆಗಿಲ್ಲ’ ಎಂದೇ ವಾದಿಸುತ್ತಾರೆ. ಮಾತು ತೊದಲಿದರೆ, ಸೈಕಲ್ ಓಲಾಡಿದರೆ ಒತ್ತಾಯದಿಂದಲಾದರೂ ನಿಲ್ಲಿಸಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ತಕ್ಷಣ ಆಂಬುಲೆನ್ಸ್ ಕರೆಯಿರಿ. ಅಂದು ರಾತ್ರಿ ನಿದ್ದೆಯಲ್ಲೂ ಸಕ್ಕರೆ ಇಳಿಯಬಹುದು. ಸೆನ್ಸರ್ ಅಲಾರಂ ಆನ್ ಇರಲಿ.