ಸೊಸೆಯ ತವರಿನ ಮಚೂಕಾ

ಪ್ರಶ್ನೆ: ಅಕ್ಕೋರೇ, ನನ್ನ ಸೊಸೆ ಹೊಂಡುರಾಸ್ ದೇಶದ ತ್ರುಹಿಯೋ ಊರಿನವಳು, ಗರಿಫುನಾ ಜನಾಂಗದವಳು. ಮಗ ಹಡಗಿಗೆ ಹೋಗಿದ್ದಾನೆ, ಈ ಮಳೆಗಾಲ ಅವಳು ನನ್ನ ಜೊತೆಗೇ ಇದ್ದಾಳೆ. ತವರಿನ ಮಚೂಕಾ ತಿನ್ನಬೇಕೆಂದು ಅವಳಿಗೆ ತುಂಬಾ ಆಸೆ. ಹುದುತ್ ಅಂತಲೂ ಹೇಳುತ್ತಾಳೆ. ಬೇಯಿಸಿ ಕುಟ್ಟಿದ ಬಾಳೆಕಾಯಿ, ಜೊತೆಗೆ ತೆಂಗಿನ ಹಾಲಿನ ಮೀನು ಸಾರು. ಇಲ್ಲಿಯ ಸಾಮಾನಿನಲ್ಲಿ ಆಗುತ್ತದಾ? ಮಿಕ್ಸಿ ಸಾಕಾ? ಸಾರಿಗೆ ನಮ್ಮ ಮಸಾಲೆ ಹಾಕಿದರೆ ರುಚಿ ಜಾಸ್ತಿ ಅಲ್ವಾ?
– ಓದುಗರೊಬ್ಬರು, ಕಾರವಾರ

ಉತ್ತರ: ಖಂಡಿತ ಆಗುತ್ತದೆ. ಆದರೆ ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ಮಸಾಲೆ ಬೇಡ. ಮೀನು ಕಂಡ ಕೂಡಲೇ ನಮ್ಮ ಕೈ ಒಣಮೆಣಸು, ಅರಿಶಿನ, ಜುಮ್ಮನಕಾಯಿ, ಮುರುಗಲ ಹುಳಿ ಹುಡುಕುತ್ತದೆ. ಅವು ಬಿದ್ದರೆ ಅದು ನಿಮ್ಮ ಮನೆಯ ಸಾರು. ಚೆನ್ನಾಗಿಯೇ ಇರುತ್ತದೆ, ಆದರೆ ಆ ಹುಡುಗಿಗೆ ಬೇಕಾಗಿದ್ದು ಅದಲ್ಲ. ದಿನವೂ ನಿಮ್ಮ ಊಟ ಉಣ್ಣುತ್ತಾಳಲ್ಲ, ಒಂದು ದಿನ ಅವಳ ಊಟ ಅವಳದಾಗಿಯೇ ಇರಲಿ.

ನಾನು ಇದನ್ನು ಕಲಿತಿದ್ದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಮಗಳ ಬಾಣಂತನಕ್ಕೆ ಹೋದಾಗ. ಆ ಕಡೆ ಗರಿಫುನಾ ಜನ ತುಂಬಾ ಇದ್ದಾರೆ. ಪಕ್ಕದ ಮನೆಯ ಅಜ್ಜಿ ಹೊಂಡುರಾಸಿನ ಲಾ ಸೇಬಾ ಊರಿನವರು. ಊರಿನಿಂದ ತಂದ ಮರದ ಒರಳು ಅವರ ಅಡುಗೆಮನೆಯ ಮೂಲೆಯಲ್ಲಿತ್ತು. ಕುಟ್ಟುವಾಗ ಕೆಳಗಿನ ಮನೆಯವರಿಗೆ ತೊಂದರೆ ಆಗದಿರಲಿ ಎಂದು ಅಡಿಗೆ ಕಂಬಳಿ ಮಡಚಿ ಹಾಸುತ್ತಿದ್ದರು. ಬ್ರಿಟಿಷರು 1797ರಲ್ಲಿ ಗರಿಫುನಾ ಜನರ ಹಿರಿಯರನ್ನು ಕೆರಿಬಿಯನ್ ಸಮುದ್ರದ ಸೇಂಟ್ ವಿನ್ಸೆಂಟ್ ದ್ವೀಪದಿಂದ ಹಡಗಿಗೆ ತುಂಬಿ, ಹೊಂಡುರಾಸ್ ಕರಾವಳಿಯ ರೊವಾತಾನ್ ದ್ವೀಪದಲ್ಲಿ ತಂದು ಬಿಟ್ಟರು. ಅಲ್ಲಿಂದ ಅವರು ನಿಮ್ಮ ಸೊಸೆಯ ತ್ರುಹಿಯೋಗೆ ಬಂದರು. ಇದನ್ನೆಲ್ಲ ಅಜ್ಜಿ ಒನಕೆ ಹಿಡಿದುಕೊಂಡೇ ನನಗೆ ಹೇಳಿದ್ದು.

ಬಾಳೆಕಾಯಿ ನೇಂದ್ರದ್ದೇ ಆಗಬೇಕು, ಚಿಪ್ಸ್‌ಗೆ ತರುವಂಥ ಹಸಿಕಾಯಿ. ಸಿಗದಿದ್ದರೆ ಶಿರಸಿ ಪೇಟೆಗೆ ಹೋಗುವವರಿಗೆ ಹೇಳಿ. ನಾಲ್ಕು ಜನಕ್ಕೆ ಐದು ಕಾಯಿ, ಅದರಲ್ಲಿ ಒಂದು ಅರೆಹಣ್ಣಾಗಿದ್ದರೆ ಒಳ್ಳೆಯದು, ಸಣ್ಣ ಸಿಹಿ ಬರುತ್ತದೆ. ಕೈಗೆ ಎಣ್ಣೆ ಹಚ್ಚಿ ಸಿಪ್ಪೆ ತೆಗೆಯಿರಿ, ಇಲ್ಲದಿದ್ದರೆ ಸೊನೆ ಹೋಗುವುದಿಲ್ಲ. ಉಪ್ಪುನೀರಿನಲ್ಲಿ ಪೂರ್ತಿ ಮೆತ್ತಗಾಗುವವರೆಗೆ ಬೇಯಿಸಿ. ಬಿಸಿ ಇರುವಾಗಲೇ ಒರಳಿಗೆ ಹಾಕಿ, ಒನಕೆಯ ತುದಿಯನ್ನು ಆಗಾಗ ನೀರಿಗೆ ಅದ್ದಿ ಕುಟ್ಟಿ. ರಾಗಿ ಮುದ್ದೆಯಂತೆ ಒಂದುಗೂಡಿ ನುಣ್ಣಗಾಗಬೇಕು. ಮಿಕ್ಸಿಗೆ ಹಾಕಿದರೆ ಅಂಟಂಟಾಗುತ್ತದೆ, ಬೇಡವೇ ಬೇಡ. ಮಳೆಗೆ ನೆನೆಯುತ್ತಾ ಹಿತ್ತಿಲಲ್ಲಿ ಬಿದ್ದಿರುವ ಹಳೇ ಒರಳು ಎಷ್ಟು ಮನೆಯಲ್ಲಿಲ್ಲ! ತೊಳೆದು ಒಳಗೆ ತನ್ನಿ.

ಸಾರಿಗೆ ಎರಡು ತೆಂಗಿನಕಾಯಿ ತುರಿದು ಮೊದಲ ಹಾಲು, ಎರಡನೇ ಹಾಲು ಬೇರೆ ಬೇರೆ ತೆಗೆದಿಡಿ. ತೆಳು ಹಾಲಿನಲ್ಲಿ ಈರುಳ್ಳಿ, ಜಜ್ಜಿದ ಬೆಳ್ಳುಳ್ಳಿ, ಕಾಳುಮೆಣಸು, ಉಪ್ಪು ಹಾಕಿ ಬೇಯಿಸಿ. ಆಮೇಲೆ ಗಟ್ಟಿ ಹಾಲು. ಉರಿ ಸಣ್ಣಗಿರಲಿ, ಕೊತಕೊತ ಕುದಿಸಿದರೆ ಹಾಲು ಒಡೆಯುತ್ತದೆ. ಅವರು ಹಾಕುವ ಸೊಪ್ಪು ಉದ್ದ ಎಲೆಯದು, ಅಂಚಿನಲ್ಲಿ ಸಣ್ಣ ಹಲ್ಲುಗಳಿರುತ್ತವೆ, ವಾಸನೆ ಕೊತ್ತಂಬರಿಯದೇ, ಇನ್ನೂ ಜೋರು. ಸಿಗದಿದ್ದರೆ ನಮ್ಮ ಕೊತ್ತಂಬರಿಯನ್ನೇ ದಂಟಿನ ಸಮೇತ ಹಾಕಿ.

ಮೀನು ಇಸೋಣ, ಅಂದರೆ ಅಂಜಲ್, ಆದರೆ ಬಹಳ ಒಳ್ಳೆಯದು. ಆದರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಇಳಿಯುವುದಿಲ್ಲ, ಐಸಿನಲ್ಲಿಟ್ಟ ಹಳೇ ಮೀನನ್ನು ಈ ಸಾರಿಗೆ ಹಾಕಬೇಡಿ. ಮಸಾಲೆ ಇಲ್ಲದ ಸಾರಿನಲ್ಲಿ ಮೀನಿನ ವಾಸನೆ ಮುಚ್ಚಿಡಲು ಏನೂ ಇರುವುದಿಲ್ಲ. ಕಾಳಿ ಹೊಳೆಯ ತಾಜಾ ಮೀನು ಸಿಕ್ಕಿದರೆ ಅದೇ ಸಾಕು. ಲಿಂಬೆ, ಉಪ್ಪು ಸವರಿ, ಸ್ವಲ್ಪ ಕರಿದು, ಕೊನೆಗೆ ಸಾರಿಗೆ ಬಿಡಿ.

ಅಡುಗೆ ಅವಳೇ ಮಾಡಲಿ. ನೀವು ಕಾಯಿ ತುರಿದುಕೊಡಿ, ಒನಕೆಗೆ ಕೈಗೂಡಿಸಿ, ಉಪ್ಪು ಎಷ್ಟೆಂದು ಅವಳನ್ನೇ ಕೇಳಿ. ಮುದ್ದೆ ಉಳಿದರೆ ಮರುದಿನ ಬೆಳಿಗ್ಗೆ ಬಿಲ್ಲೆ ಮಾಡಿ ಕೊಬ್ಬರಿ ಎಣ್ಣೆಯಲ್ಲಿ ಕರಿಯಿರಿ. ನಮ್ಮ ಮನೆಯಲ್ಲಿ ಇದಕ್ಕೆಂದೇ ಒಂದು ಕಾಯಿ ಜಾಸ್ತಿ ಬೇಯಿಸುತ್ತೇವೆ.